ಫ್ಯಾನಿನ ಫ್ಯೂಸ್ ಪದೇ ಪದೇ ಹೋಗುತ್ತಿದೆ, ದೊಡ್ಡದು ಹಾಕಬಹುದೇ?

ಪ್ರಶ್ನೆ: ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಬೆಲ್ಟಿನಿಂದ ತಿರುಗುತ್ತಿದ್ದ ಫ್ಯಾನ್ ತೆಗೆಸಿ, ರೇಡಿಯೇಟರಿಗೆ 12 ಇಂಚಿನ ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದೇನೆ. ಇಗ್ನಿಷನ್ ಸ್ವಿಚ್ಚಿನಿಂದ ಲೈನ್ ತೆಗೆದು, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೊಟ್ಟು, ಅಲ್ಲಿಂದ ಎರಡೂ ಫ್ಯಾನಿಗೆ ವೈರ್ ಎಳೆದಿದ್ದಾರೆ. 20 ಆಂಪಿಯರ್ ಫ್ಯೂಸ್ ಆಗಾಗ ಹೋಗುತ್ತದೆ. ಸ್ವಿಚ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಎರಡೂ ಫ್ಯಾನ್ ಓಡುತ್ತಿದ್ದರೂ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಕೀ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಕ್ಷಣ ಓಡಿ ಆಮೇಲೆ ನಿಲ್ಲುತ್ತದೆ. 30 ಆಂಪಿಯರ್ ಫ್ಯೂಸ್ ಹಾಕಿದರೆ ಸರಿಹೋದೀತೇ? ರಿಲೇ ಹಾಕಬೇಕಿದ್ದರೆ ಹೇಗೆ? ಫ್ಯಾನ್ ತಾನಾಗಿ ಶುರುವಾಗುವಂತೆ ಮಾಡಿದರೆ ಎಷ್ಟು ಡಿಗ್ರಿಗೆ ಇಡಬೇಕು? ಕಾರಿನಲ್ಲಿ ಎಸಿ ಇದೆ. ಈಗಿರುವ ಸ್ವಿಚ್ ಉಳಿಸಿಕೊಳ್ಳಬಹುದೇ?

ಉತ್ತರ: 30 ಆಂಪಿಯರ್ ಫ್ಯೂಸ್ ಹಾಕಬೇಡಿ. ಫ್ಯೂಸ್ ಇರುವುದು ಫ್ಯಾನನ್ನು ಕಾಯಲು ಅಲ್ಲ, ವೈರನ್ನು ಕಾಯಲು. ಈಗಿನ ವೈರ್ ಎಷ್ಟು ದಪ್ಪ ಎಂದು ನೀವು ಬರೆದಿಲ್ಲ. ಆದರೆ ಸ್ವಿಚ್ ಅಷ್ಟು ಬಿಸಿಯಾಗುತ್ತಿದೆ ಎಂದಮೇಲೆ ಆ ದಾರಿಯಲ್ಲಿ ಹರಿಯಬಾರದಷ್ಟು ಕರೆಂಟ್ ಹರಿಯುತ್ತಿದೆ. ಫ್ಯೂಸ್ ದೊಡ್ಡದಾದರೆ ಮುಂದೆ ಸುಡುವುದು ಸ್ವಿಚ್, ಅಥವಾ ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್, ಇಲ್ಲವೇ ಡ್ಯಾಶ್‌ಬೋರ್ಡಿನ ಹಿಂದೆ ಕಣ್ಣಿಗೆ ಕಾಣದ ಕಡೆ ವೈರಿನ ಕವಚ. ವೈರಿಂಗ್ ಬದಲಾಯಿಸುವ ತನಕ 20ರ ಫ್ಯೂಸೇ ಇರಲಿ. ಸಾಧ್ಯವಾದರೆ ಒಂದು ಫ್ಯಾನಿನ ಕನೆಕ್ಟರ್ ಬಿಡಿಸಿ, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಮಾತ್ರ ಕಾರು ತೆಗೆಯಿರಿ.

ಫ್ಯೂಸ್ ಯಾವಾಗಲೂ ಹೋಗದೆ ಆಗಾಗ ಮಾತ್ರ ಹೋಗುವುದಕ್ಕೂ ಕಾರಣವಿದೆ. 12 ಇಂಚಿನ ಫ್ಯಾನ್ ಸಾಮಾನ್ಯವಾಗಿ 8ರಿಂದ 15 ಆಂಪಿಯರ್ ಎಳೆಯುತ್ತದೆ. ನಿಮ್ಮದು ತಲಾ 12 ಎಂದು ಹಿಡಿದರೆ ಎರಡೂ ಸೇರಿ 24. ಬ್ಲೇಡ್ ಫ್ಯೂಸ್ ತನ್ನ ಅಳತೆಯನ್ನು ಸ್ವಲ್ಪ ಮೀರಿದ ತಕ್ಷಣ ಕರಗುವುದಿಲ್ಲ, ನಿಧಾನವಾಗಿ ಬಿಸಿಯಾಗುತ್ತಾ ಹೋಗುತ್ತದೆ. ಜೊತೆಗೆ ಮೋಟರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ. ನಿಮ್ಮ ಕಾರಿನಲ್ಲಿ ಎರಡು ಮೋಟರ್ ಒಂದೇ ಸಲಕ್ಕೆ ಶುರುವಾಗುತ್ತವೆ. ಮೊದಲೇ ಬಿಸಿಯಾದ ಫ್ಯೂಸ್ ಅಂಥ ಒಂದು ಹೊಡೆತಕ್ಕೆ ಹೋಗುತ್ತದೆ. ಫ್ಯೂಸನ್ನು ಅದರ ಅಳತೆಯ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಕರೆಂಟಿನಲ್ಲಿ ತುಂಬ ಹೊತ್ತು ದುಡಿಸಬಾರದು, ಬಾನೆಟ್ಟಿನ ಒಳಗಿನ ಬಿಸಿಯಲ್ಲಂತೂ ಖಂಡಿತ ಬೇಡ.

ಕೀ ತೆಗೆದ ಮೇಲೂ ಎಂಜಿನ್ ಓಡುವುದು ಈ ವೈರಿಂಗಿನದೇ ಕಿತಾಪತಿ ಎಂದು ನನ್ನ ಬಲವಾದ ಗುಮಾನಿ. ಕರೆಂಟ್ ಕಡಿದ ಮೇಲೂ ಫ್ಯಾನ್ ತನ್ನ ಓಟದಲ್ಲಿ ಕೆಲವು ಸುತ್ತು ತಿರುಗುತ್ತದೆ. ಹಾಗೆ ತಿರುಗುವ ಡಿಸಿ ಮೋಟರ್ ಅಷ್ಟು ಹೊತ್ತು ಡೈನಮೋ ಆಗಿ ವೋಲ್ಟೇಜ್ ಹುಟ್ಟಿಸುತ್ತದೆ. ನಿಮ್ಮ ಫ್ಯಾನ್ ಲೈನ್ ನೇರವಾಗಿ ಇಗ್ನಿಷನ್ ಲೈನಿಗೆ ಸೇರಿಕೊಂಡಿರುವುದರಿಂದ ಆ ವೋಲ್ಟೇಜ್ ಹಿಂದಕ್ಕೆ ಹರಿದು ಇಗ್ನಿಷನ್ ಕಾಯಿಲ್‌ಗೆ ಜೀವ ಕೊಡುತ್ತದೆ. ಪರೀಕ್ಷೆ ಸುಲಭ: ಮೊದಲು ಫ್ಯಾನ್ ಸ್ವಿಚ್ ಆಫ್ ಮಾಡಿ, ಆಮೇಲೆ ಕೀ ತಿರುಗಿಸಿ. ಎಂಜಿನ್ ಆಗ ತಕ್ಷಣ ನಿಂತರೆ ತಪ್ಪು ಫ್ಯಾನ್ ಲೈನಿನದು. ಆಗಲೂ ಓಡಿದರೆ ಕಾರ್ಬ್ಯುರೇಟರ್, ಟೈಮಿಂಗ್ ಅಥವಾ ಸಿಲಿಂಡರಿನ ಒಳಗಿನ ಕಿಟ್ಟದ ಕಡೆ ನೋಡಬೇಕು. ಫ್ಯಾನಿಗೆ ಬ್ಯಾಟರಿಯಿಂದ ಬೇರೆ ಲೈನ್ ಕೊಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದರೆ ಈ ಹಿಂಹರಿವಿಗೆ ದಾರಿಯೇ ಉಳಿಯುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು ಸಾಲು: ಫ್ಯಾನ್ ಓಡುತ್ತಿದ್ದರೂ ಮುಳ್ಳು ಏರುತ್ತದೆ ಎಂಬುದು. ಫ್ಯಾನ್ ತಿರುಗಿತು ಎಂದರೆ ವೈರಿಂಗ್ ಸರಿಯಿದೆ ಎಂದು ಬಹಳ ಜನ ತಿಳಿಯುತ್ತಾರೆ. ಫ್ಯಾನ್ 9 ವೋಲ್ಟಿಗೂ ತಿರುಗುತ್ತದೆ! ಕೇಳಬೇಕಾದ್ದು ಇಷ್ಟೇ: ಕಾರು ನಿಂತು ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿದ್ದಾಗ, ಎಲ್ಲವೂ ಕಾದಿರುವಾಗ, ಮೋಟರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಸಿಗುತ್ತಿದೆ? 13.5 ವೋಲ್ಟ್ ಸಿಗಬೇಕಾದಲ್ಲಿ 11 ಸಿಕ್ಕರೆ ಫ್ಯಾನಿನ ವೇಗ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಗಾಳಿಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಫ್ಯಾನ್ ಹುಟ್ಟಿಸುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದದ್ದು, ಅದು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಮುಂದೆ ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್, ಹೀಗೆ ಎರಡು ಪದರದ ಸಣ್ಣ ಸಂದುಗಳಿಂದ ಗಾಳಿ ಎಳೆಯಲು ಬೇಕಾಗುವುದು ಆ ಒತ್ತಡವೇ.

ಈಗಿನ ವೈರಿಂಗಿನಲ್ಲಿ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಲೆಕ್ಕ ಹಾಕೋಣ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 12.7 ಮಿಲಿಓಮ್ ರೋಧ. ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್, ಅಲ್ಲಿಂದ ಡ್ಯಾಶ್‌ಬೋರ್ಡ್, ಮತ್ತೆ ಮುಂದಕ್ಕೆ ರೇಡಿಯೇಟರ್ ಎಂದರೆ 5 ಮೀಟರ್ ಆಯಿತು. ಅದರಲ್ಲಿ 24 ಆಂಪಿಯರ್ ಹರಿದರೆ ವೈರಿನಲ್ಲೇ ಒಂದೂವರೆ ವೋಲ್ಟ್ ಹೋಯಿತು. ಎರಡು ಸ್ವಿಚ್, ಫ್ಯೂಸ್ ಹೋಲ್ಡರ್, ನಾಲ್ಕಾರು ಕನೆಕ್ಟರ್‌ಗಳ ಪಾಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಸ್ವಿಚ್ ಬಿಸಿಯಾಗುತ್ತಿರುವುದು ಅಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜಿನಿಂದಲೇ.

ಇದಕ್ಕೆ ಮದ್ದು ದಾರಿಯನ್ನು ಗಿಡ್ಡ ಮಾಡುವುದು, ವೈರನ್ನು ದಪ್ಪ ಮಾಡುವುದು. ಪ್ರತಿ ಫ್ಯಾನಿಗೂ ಬ್ಯಾಟರಿಯಿಂದ ಪ್ರತ್ಯೇಕ ಲೈನ್, ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ರಿಲೇ ಹಾಕಿ. ಒಂದು ಕೈಕೊಟ್ಟರೂ ಇನ್ನೊಂದು ಫ್ಯಾನ್ ಉಳಿದು ಮನೆ ಮುಟ್ಟಿಸುತ್ತದೆ ಎಂಬುದೇ ಎರಡು ಫ್ಯಾನ್ ಇರುವುದರ ದೊಡ್ಡ ಲಾಭ. ಎರಡನ್ನೂ ಒಂದೇ ರಿಲೇಗೆ ಕಟ್ಟಿದರೆ ಆ ಲಾಭ ಹೋಯಿತು. 12 ಆಂಪಿಯರಿನ ಫ್ಯಾನಿಗೆ 2.5 ಚದರ ಮಿಲಿಮೀಟರಿನ ವೈರ್ ಸಾಕು. ಹೋಗಿ ಬರುವ ದಾರಿ ಸೇರಿ 3 ಮೀಟರ್ ಎಂದರೂ ನಷ್ಟ ಸುಮಾರು 0.27 ವೋಲ್ಟ್. ತಾಮ್ರ ಕಾದಷ್ಟೂ ಅದರ ರೋಧ ಏರುತ್ತದೆ, 80 ಡಿಗ್ರಿಯಲ್ಲಿ ಆ ನಷ್ಟ ಸುಮಾರು 0.34 ವೋಲ್ಟ್ ಆದೀತು. ಅಷ್ಟು ಪರವಾಗಿಲ್ಲ. ಒಂದೊಂದು ಫ್ಯಾನ್ 18-20 ಆಂಪಿಯರ್ ಎಳೆಯುವಂಥದ್ದಾಗಿದ್ದರೆ 4 ಚದರ ಮಿಲಿಮೀಟರ್ ತೆಗೆದುಕೊಳ್ಳಿ. ವೈರಿನ ಹೊರಗಿನ ದಪ್ಪ ನೋಡಿ ಮೋಸಹೋಗಬೇಡಿ, ಕವಚ ದಪ್ಪವಿದ್ದು ಒಳಗೆ ತಾಮ್ರ ತೆಳುವಾಗಿರುವ ವೈರ್‌ಗಳಿವೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರ್ ಅಂತೂ ಬೇಡವೇ ಬೇಡ.

ವೈರ್ ಕೊಳ್ಳುವ ಮೊದಲು ಫ್ಯಾನ್ ನಿಜವಾಗಿ ಎಷ್ಟು ಎಳೆಯುತ್ತದೆ ಎಂದು ಅಳೆಯಿರಿ. ಪೊಟ್ಟಣದ ಮೇಲಿನ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಎಸಿ ಕರೆಂಟ್ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಕೆಲಸಕ್ಕೆ ಬಾರದು. ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ಈ ಫ್ಯಾನನ್ನು ಸೇರಿಸಬೇಡಿ, ಶುರುವಾಗುವ ಗಳಿಗೆಯ ಕರೆಂಟಿಗೇ ಮೀಟರಿನ ಫ್ಯೂಸ್ ಹೋಗುತ್ತದೆ. ಫ್ಯಾನ್ ರೇಡಿಯೇಟರ್ ಮೇಲೆ ಕೂತಿರುವಾಗಲೇ, ಎಂಜಿನ್ ಓಡುತ್ತಿರುವಾಗಲೇ ಅಳೆಯಿರಿ. ಬಂದ ಸಂಖ್ಯೆಯ ಒಂದೂವರೆ ಪಟ್ಟಿಗೆ ಹತ್ತಿರದ ಫ್ಯೂಸ್ ಹಾಕಿ. 12 ಬಂದರೆ 20ರ ಫ್ಯೂಸ್. ನೀವು ಈಗ ಎರಡು ಫ್ಯಾನಿಗೆ ಹಾಕಿರುವುದು ಒಂದು ಫ್ಯಾನಿನ ಫ್ಯೂಸ್. ಹೊಸ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ. ಆ ತುಂಡು ಎಲ್ಲಾದರೂ ಕಾರಿನ ಲೋಹದ ಮೈಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅದರ ಮೂಲಕವೇ ಹರಿಯುತ್ತದೆ.

ಇನ್ನು ರಿಲೇ. 12 ವೋಲ್ಟಿನ, 30 ಅಥವಾ 40 ಆಂಪಿಯರಿನ ಕಾರ್ ರಿಲೇ, ಸಾಧ್ಯವಾದರೆ ನೀರು ನುಗ್ಗದಂಥದ್ದು. ಕಾಲುಗಳ ಮೇಲೆ 30, 85, 86, 87 ಎಂಬ ಸಂಖ್ಯೆ ಇರುತ್ತದೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ವೈರ್ 30ಕ್ಕೆ. 87ರಿಂದ ಫ್ಯಾನಿನ ಪ್ಲಸ್‌ಗೆ. ಫ್ಯಾನಿನ ಮೈನಸ್ ನೇರ ಅರ್ಥ್‌ಗೆ (ಬ್ಯಾಟರಿಯ ಮೈನಸ್ ಅಥವಾ ಅದಕ್ಕೆ ಸೇರಿರುವ ಕಾರಿನ ಲೋಹದ ಮೈ). ಒಳಗಿನ ಕಾಯಿಲ್ 85 ಮತ್ತು 86ರ ನಡುವೆ ಇದೆ. 86ಕ್ಕೆ ಇಗ್ನಿಷನ್ ಆನ್ ಆದಾಗ ಬರುವ ಪ್ಲಸ್ ಕೊಡಿ. 85ನ್ನು ಟೆಂಪರೇಚರ್ ಸ್ವಿಚ್ (ಕೂಲಂಟ್ ಬಿಸಿಯಾದಾಗ ತಾನಾಗಿ ಆನ್ ಆಗುವ ಸ್ವಿಚ್) ಅರ್ಥ್‌ಗೆ ಸೇರಿಸುವಂತೆ ಮಾಡಿ. ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಆರೇಳನೇ ಒಂದು ಪಾಲು ಅಷ್ಟೇ, ಆದ್ದರಿಂದ ಈ ಕಡೆಗೆ ತೆಳು ವೈರ್, 3 ಅಥವಾ 5 ಆಂಪಿಯರಿನ ಫ್ಯೂಸ್ ಸಾಕು. ಸ್ಟಾರ್ಟರ್ ತಿರುಗುವ ಹೊತ್ತಿಗೆ ತಾನಾಗಿ ಕಡಿದುಹೋಗುವ ಇಗ್ನಿಷನ್ ಲೈನ್ ಸಿಕ್ಕಿದರೆ ಅದನ್ನೇ ಬಳಸಿ, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಫ್ಯಾನ್ ಅಡ್ಡ ಬರುವುದಿಲ್ಲ.

ಐದು ಕಾಲಿನ ರಿಲೇ ಸಿಕ್ಕಿದರೆ ಮಧ್ಯದ ಕಾಲನ್ನು ನೋಡಿ. ಅದು 87ಎ ಆಗಿದ್ದರೆ ರಿಲೇ ವಿಶ್ರಾಂತಿಯಲ್ಲಿರುವಾಗ 30ಕ್ಕೆ ಸೇರಿರುತ್ತದೆ. ಅಲ್ಲಿಗೆ ಫ್ಯಾನ್ ಕೊಟ್ಟರೆ ಕಾರು ನಿಲ್ಲಿಸಿದ್ದಾಗಲೂ ಓಡಿ ಬ್ಯಾಟರಿ ಬರಿದು ಮಾಡುತ್ತದೆ. ಕಾಯಿಲ್ಲಿನ ಕರೆಂಟ್ ಕಡಿದಾಗ ಕ್ಷಣಮಾತ್ರ ನೂರಕ್ಕೂ ಮೀರಿದ ವೋಲ್ಟೇಜ್ ಏಳುತ್ತದೆ. ಅದನ್ನು ತಡೆಯಲು ಕೆಲವು ರಿಲೇಗಳ ಒಳಗೆ ರೆಸಿಸ್ಟರ್, ಕೆಲವದರ ಒಳಗೆ ಡಯೋಡ್ ಇರುತ್ತದೆ. ಡಯೋಡ್ ಇರುವುದಾದರೆ 86ಕ್ಕೇ ಪ್ಲಸ್ ಹೋಗಬೇಕು. ಅದಲು ಬದಲಾದರೆ ಡಯೋಡ್ ನೇರ ಶಾರ್ಟ್ ಆಗುತ್ತದೆ. ರಿಲೇ ಮೇಲೆ ಅಚ್ಚಾದ ಚಿತ್ರವನ್ನು ನೋಡಿಯೇ ಕೈ ಹಾಕಿ. ಸಾಕೆಟ್ಟನ್ನು ಕಾಲುಗಳು ಕೆಳಮುಖವಾಗಿರುವಂತೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಕೂರಿಸಿ.

ಅರ್ಥ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಪ್ಲಸ್ ಕಡೆಗೆ ಎಲ್ಲ ಜಾಗ್ರತೆ ಮಾಡಿ, ಮೈನಸ್ ವೈರನ್ನು ಹತ್ತಿರ ಸಿಕ್ಕ ಬಣ್ಣ ಬಳಿದ ಬೋಲ್ಟಿಗೆ ಸಿಕ್ಕಿಸಿಬಿಡುವುದು ತೀರಾ ಸಾಮಾನ್ಯ. ಹೋದ ಕರೆಂಟ್ ಅಷ್ಟೂ ವಾಪಸ್ ಬರಬೇಕಲ್ಲವೇ? ಅರ್ಥ್ ವೈರಿಗೂ ಅದೇ ದಪ್ಪ ಬೇಕು. ಬಾಡಿಯ ಮೇಲೆ ಹೊಳೆಯುವ ಲೋಹ ಕಾಣುವ ತನಕ ಬಣ್ಣ ಕೆರೆದು, ಲಗ್ ಹಾಕಿ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ. ಬ್ಯಾಟರಿ ಹತ್ತಿರವಿದ್ದರೆ ಅದರ ಮೈನಸ್‌ಗೇ ಒಯ್ಯುವುದು ಇನ್ನೂ ಮೇಲು. ಆದರೆ ರೇಡಿಯೇಟರಿಗೆ ಅಥವಾ ಅದರ ಬ್ರಾಕೆಟ್ಟಿಗೆ ಮಾತ್ರ ಅರ್ಥ್ ಕೊಡಲೇಬೇಡಿ. ರೇಡಿಯೇಟರ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ. ಕರೆಂಟ್ ಕೂಲಂಟ್ ಮೂಲಕ ಎಂಜಿನ್ ಕಡೆಗೆ ದಾರಿ ಹುಡುಕುತ್ತದೆ, ಅಲ್ಯೂಮಿನಿಯಂ ಕೊಳವೆ ಒಳಗಿನಿಂದ ತಿಂದುಹೋಗಿ ತೂತು ಬೀಳುತ್ತದೆ.

ಈಗ ಡಿಗ್ರಿಯ ಪ್ರಶ್ನೆ. ಫ್ಯಾನ್ ಶುರುವಾಗಬೇಕಾದ ಉಷ್ಣಾಂಶವನ್ನು ತೀರ್ಮಾನಿಸುವುದು ನಿಮ್ಮ ಥರ್ಮೋಸ್ಟಾಟ್, ಅಂದರೆ ಕೂಲಂಟ್ ಕಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ. ಅದರ ಮೇಲೆ 82 ಎಂದಿದ್ದರೆ 82ಕ್ಕೆ ತೆರೆಯಲು ಶುರುಮಾಡಿ, ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಹಾಗಿರುವಾಗ ಎಂಜಿನ್ ತಣ್ಣಗಿರಲಿ ಎಂಬ ಆಸೆಗೆ ಫ್ಯಾನನ್ನು 80ಕ್ಕೆ ಹೊಂದಿಸಿದರೆ ಏನಾಗುತ್ತದೆ? ಥರ್ಮೋಸ್ಟಾಟ್ ಕೂಲಂಟನ್ನು 82ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಫ್ಯಾನ್ ಆಫ್ ಆಗುವ ಉಷ್ಣಾಂಶ ಎಂದೂ ಬರುವುದಿಲ್ಲ. ಇಡೀ ದಿನ ಓಡಿ ಮೋಟರಿನ ಬ್ರಷ್ ಸವೆಯುತ್ತದೆ, ಎಂಜಿನ್ ಒಂದಿಷ್ಟೂ ತಣ್ಣಗಾಗಿರುವುದಿಲ್ಲ. ಫ್ಯಾನ್ ನಿಲ್ಲುವ ಉಷ್ಣಾಂಶ ಥರ್ಮೋಸ್ಟಾಟ್ ತೆರೆಯುವ ಉಷ್ಣಾಂಶಕ್ಕಿಂತ ಮೇಲಿರಬೇಕು. 82ರ ಥರ್ಮೋಸ್ಟಾಟಿಗೆ ಮೊದಲ ಫ್ಯಾನ್ 92-95ಕ್ಕೆ ಶುರುವಾಗಿ 86-87ಕ್ಕೆ ನಿಲ್ಲಲಿ, ಎರಡನೆಯದು 98ರ ಹೊತ್ತಿಗೆ ಬರಲಿ. 88ರದ್ದಾದರೆ ಎಲ್ಲವನ್ನೂ ನಾಲ್ಕೈದು ಡಿಗ್ರಿ ಮೇಲಕ್ಕೆ ಸರಿಸಿ. ಹೀಗೆ ಮಾಡಿದರೆ ಎರಡು ಮೋಟರ್ ಒಟ್ಟಿಗೆ ಶುರುವಾಗುವ ಹೊಡೆತವೂ ತಪ್ಪುತ್ತದೆ. 98 ಎಂದರೆ ಕುದಿಯುವ ಅಂಚು ಎಂದು ಹೆದರಬೇಡಿ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್, ಸುಮಾರು 1 ಬಾರ್ ಒತ್ತಡದ ಕ್ಯಾಪ್ ಚೆನ್ನಾಗಿದ್ದರೆ 125 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಹಳತಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.

ನಾನು ಮೇಲೆ ಕೊಟ್ಟ ಸಂಖ್ಯೆಗಳು ಎಂಜಿನ್ನಿನಿಂದ ಬಿಸಿ ಕೂಲಂಟ್ ಹೊರಬರುವ ಕಡೆಗೆ ಹೊಂದುವಂಥವು. ಸ್ವಿಚ್ಚನ್ನು ರೇಡಿಯೇಟರಿನ ತಣ್ಣನೆಯ ಬದಿಗೆ ಕೂರಿಸಿದರೆ ಅಲ್ಲಿಯ ಕೂಲಂಟ್ ಆಗಲೇ ಶಾಖ ಬಿಟ್ಟುಕೊಟ್ಟಿರುತ್ತದೆ, ಕಡಿಮೆ ಡಿಗ್ರಿಯ ಸ್ವಿಚ್ ಬೇಕಾಗುತ್ತದೆ. ರೇಡಿಯೇಟರಿನ ಎಲೆಗಳ ನಡುವೆ ಚುಚ್ಚುವ ಕಡ್ಡಿಯಂಥ ಸೆನ್ಸರ್ ನನಗೆ ಇಷ್ಟವಿಲ್ಲ. ಅದು ಕೂಲಂಟನ್ನಲ್ಲ, ಗಾಳಿ ಬೀಸಿದ ಎಲೆಯನ್ನು ಅಳೆಯುತ್ತದೆ. ಮೇಲಿನ ಹೋಸ್‌ಪೈಪ್ ಕತ್ತರಿಸಿ ನಡುವೆ ಲೋಹದ ಅಡಾಪ್ಟರ್ ಹಾಕಿ ಅದಕ್ಕೆ ಸ್ವಿಚ್ ತಿರುಪುವುದು ಒಳ್ಳೆಯ ದಾರಿ. ಒಂದು ಎಚ್ಚರಿಕೆ: ಒಂದೇ ಪಿನ್ ಇರುವ ಸ್ವಿಚ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ. ಎರಡೂ ಕಡೆ ರಬ್ಬರ್ ಇರುವ ಅಡಾಪ್ಟರಿಗೆ ಅರ್ಥ್ ಎಲ್ಲಿಂದ ಬರಬೇಕು? ಅಡಾಪ್ಟರಿನ ಮೈಗೊಂದು ಅರ್ಥ್ ವೈರ್ ಕೊಡಿ, ಇಲ್ಲವೇ ಎರಡು ಪಿನ್ನಿನ ಸ್ವಿಚ್ ತನ್ನಿ. ಸ್ವಿಚ್ಚಿನ ಚೂಡಿಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಿದರೂ ಇದೇ ತೊಂದರೆ. ಕೂಲಂಟ್ ಸೋರಿ ಸ್ವಿಚ್ ಇರುವ ಜಾಗ ಬರಿದಾದರೆ ಅದು ಸರಿಯಾಗಿ ಅಳೆಯದೆ ಫ್ಯಾನ್ ಸುಮ್ಮನಿರಬಹುದು ಎಂಬುದೂ ನೆನಪಿರಲಿ.

ಎಸಿ ಇರುವುದರಿಂದ ಇನ್ನೊಂದು ಸಣ್ಣ ರಿಲೇ ಬೇಕು. ಎಸಿ ಓಡುವಾಗ ಕಂಡೆನ್ಸರಿಗೆ ಗಾಳಿ ಬೇಕೇ ಬೇಕು, ಕೂಲಂಟ್ ಬಿಸಿಯಾಗಲಿ ಎಂದು ಕಾಯುವಂತಿಲ್ಲ. ಎಸಿ ಕಂಪ್ರೆಸರನ್ನು ಬೆಲ್ಟಿಗೆ ಕಚ್ಚಿಸುವ ಕ್ಲಚ್ಚಿಗೆ ಬರುವುದು ಪ್ಲಸ್, ನಿಮ್ಮ ಫ್ಯಾನ್ ರಿಲೇಗೆ ಬೇಕಾದ್ದು ಅರ್ಥ್. ಹೊಸ ರಿಲೇಯ 86ನ್ನು ಕ್ಲಚ್ ವೈರಿಗೂ 85ನ್ನು ಅರ್ಥ್‌ಗೂ ಕೊಡಿ. ಅದರ 30ನ್ನು ಅರ್ಥ್‌ಗೂ 87ನ್ನು ಮೊದಲ ಫ್ಯಾನ್ ರಿಲೇಯ 85ಕ್ಕೂ ಸೇರಿಸಿ. ಕ್ಲಚ್ ಕಚ್ಚಿದಾಗೆಲ್ಲ ಮೊದಲ ಫ್ಯಾನ್ ಓಡುತ್ತದೆ. ಎಸಿ ಲೈನಿನಲ್ಲಿ ಮೂರು ಹಂತದ ಪ್ರೆಷರ್ ಸ್ವಿಚ್ ಇದ್ದರೆ, ಒತ್ತಡ ಸುಮಾರು 15ರಿಂದ 17 ಬಾರ್ ಮುಟ್ಟಿದಾಗ ಸೇರಿಕೊಳ್ಳುವ ಅದರ ನಡುವಿನ ಕಾಂಟ್ಯಾಕ್ಟಿನಿಂದ ಎರಡನೇ ಫ್ಯಾನಿನ ರಿಲೇಯನ್ನೂ ಎಬ್ಬಿಸಬಹುದು.

ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರ) ತಾಳುತ್ತದೆಯೇ ಎಂದೂ ನೋಡಬೇಕು. ಬೆಲ್ಟ್ ಫ್ಯಾನ್ ಇದ್ದಾಗ ಈ 24 ಆಂಪಿಯರಿನ ಹೊರೆ ಅದಕ್ಕಿರಲಿಲ್ಲ. ಹಳೆಯ ಆಲ್ಟರ್ನೇಟರಿನ ಮೇಲೆ 55 ಅಥವಾ 60 ಆಂಪಿಯರ್ ಎಂದು ಬರೆದಿದ್ದರೂ ಐಡಲ್‌ನಲ್ಲಿ ಅದರ ಅರ್ಧ ಕೊಟ್ಟರೆ ಹೆಚ್ಚು. ಫ್ಯಾನ್ ಹೆಚ್ಚು ಬೇಕಾಗುವುದೂ ಐಡಲ್‌ನಲ್ಲೇ. ಗಂಟೆಗೆ 50-60 ಕಿಲೋಮೀಟರ್ ದಾಟಿದರೆ ಬರುವ ಗಾಳಿಯೇ ಸಾಕು. ಹೆದ್ದಾರಿಯಲ್ಲಿ ಓಡುವಾಗ ಕಾದರೆ ಫ್ಯಾನಿನ ವೈರಿಂಗ್ ಬಿಟ್ಟು ರೇಡಿಯೇಟರ್, ವಾಟರ್ ಪಂಪ್ ನೋಡಿ. ಐಡಲ್‌ನಲ್ಲಿ ಹೆಡ್‌ಲೈಟ್, ಎಸಿ, ಬ್ಲೋವರ್, ಎರಡೂ ಫ್ಯಾನ್ ಹಾಕಿ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. 13 ವೋಲ್ಟಿನ ಮೇಲೆ ನಿಂತರೆ ನಿಶ್ಚಿಂತೆ. 12.6ಕ್ಕಿಂತ ಕೆಳಗೆ ಜಾರುತ್ತಾ ಹೋದರೆ ಬ್ಯಾಟರಿ ಖಾಲಿಯಾಗುತ್ತಿದೆ, ದೊಡ್ಡ ಆಲ್ಟರ್ನೇಟರ್ ಬೇಕು.

ಕೂಡುಗೆಗಳನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಮೇಲೆ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕವಚ) ಹಾಕಿ. ಬೆಸುಗೆ ಹಾಕಿದ ಎಳೆಗಳು ಗಟ್ಟಿಯಾಗಿ, ಎಂಜಿನ್ನಿನ ನಡುಕಕ್ಕೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತವೆ. ಫ್ಯಾನನ್ನು ರೇಡಿಯೇಟರ್ ಎಲೆಗಳ ಮೂಲಕ ತೂರಿಸುವ ಪ್ಲಾಸ್ಟಿಕ್ ಟೈಗಳಿಂದ ಕಟ್ಟಿದ್ದರೆ ತೆಗೆದು ಬ್ರಾಕೆಟ್ ಮಾಡಿಸಿ, ಆ ಟೈ ಕೊಳವೆಯನ್ನು ಉಜ್ಜಿ ಸೋರುವಂತೆ ಮಾಡುತ್ತದೆ. ಗಾಳಿಯ ದಿಕ್ಕನ್ನೂ ಪರೀಕ್ಷಿಸಿ: ಮುಂದಿನ ಗ್ರಿಲ್ಲಿನ ಒಳಗೆ ಕಂಡೆನ್ಸರಿಗೆ ಒಂದು ಹಾಳೆ ಹಿಡಿದರೆ ಅದು ಅಂಟಿ ನಿಲ್ಲಬೇಕು. ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ಯಾರೋ ಪ್ಲಸ್ ಮೈನಸ್ ಅದಲು ಬದಲು ಮಾಡಿರಬಹುದು, ಅಥವಾ ಮುಂದೆ ಕೂರಿಸುವ ಫ್ಯಾನನ್ನು ಹಿಂದೆ ಕೂರಿಸಿರಬಹುದು. ಎರಡನೆಯದಾದರೆ ವೈರ್ ಅದಲು ಬದಲು ಮಾಡಿದರೆ ಸಾಲದು. ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಮಾಡಿದ್ದು, ಅದನ್ನೂ ತಿರುಗಿಸಿ ಹಾಕಬೇಕು.

ಎಲ್ಲ ಮುಗಿದ ಮೇಲೆ ಫ್ಯಾನ್‌ಗಳು ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಫ್ಯಾನಿನ ಪ್ಲಸ್‌ಗೆ ಇಡಿ. ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಹಾಗೆಯೇ ಫ್ಯಾನಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.2 ವೋಲ್ಟಿನೊಳಗೆ. ಹೆಚ್ಚು ಬಂದರೆ ಕಡ್ಡಿಯನ್ನು ಒಂದೊಂದೇ ಕೂಡುಗೆ ದಾಟಿಸುತ್ತಾ ಹೋಗಿ, ಸಂಖ್ಯೆ ಎಲ್ಲಿ ಹಾರುತ್ತದೋ ಆ ಕೂಡುಗೆಯನ್ನು ಬಿಚ್ಚಿ ಮತ್ತೆ ಮಾಡಿ. ಹತ್ತು ನಿಮಿಷ ಓಡಿದ ಮೇಲೆ ರಿಲೇ ಸಾಕೆಟ್, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಸುಡುವಂತಿದ್ದರೆ ಅಲ್ಲೊಂದು ಸಡಿಲ ಕಾಂಟ್ಯಾಕ್ಟ್ ಇದೆ.

ಈಗಿನ ಡ್ಯಾಶ್‌ಬೋರ್ಡ್ ಸ್ವಿಚ್ ಬಿಸಿಗೆ ಒಳಗೆ ಸುಟ್ಟಿರುತ್ತದೆ, ಅದನ್ನು ಎಸೆಯಿರಿ. ಅದರ ಜಾಗದಲ್ಲಿ ಎರಡು ಲೈನುಗಳನ್ನು ಬೇರೆ ಬೇರೆಯಾಗಿ ಜೋಡಿಸುವ ಸ್ವಿಚ್ ಹಾಕಿ, ಎರಡೂ ರಿಲೇಗಳ 85ನ್ನು ಅರ್ಥ್‌ಗೆ ಸೇರಿಸುವಂತೆ, ಟೆಂಪರೇಚರ್ ಸ್ವಿಚ್‌ಗಳಿಗೆ ಸಮಾಂತರವಾಗಿ ಕೊಡಿ. ಒಂದೇ ಲೈನಿನ ಸ್ವಿಚ್ಚಿಗೆ ಎರಡು 85ನ್ನೂ ಒಟ್ಟಿಗೆ ಕಟ್ಟಿದರೆ ಮೊದಲ ಟೆಂಪರೇಚರ್ ಸ್ವಿಚ್ಚೇ ಎರಡೂ ಫ್ಯಾನನ್ನು ಎಬ್ಬಿಸಿಬಿಡುತ್ತದೆ. ಈ ಸ್ವಿಚ್ಚಿಗೆ ಫ್ಯಾನನ್ನು ಆನ್ ಮಾಡುವ ಅಧಿಕಾರ ಮಾತ್ರ ಇರಲಿ, ಆಫ್ ಮಾಡುವ ಅಧಿಕಾರ ಬೇಡ. ಟೆಂಪರೇಚರ್ ಸ್ವಿಚ್ ಕೆಟ್ಟ ದಿನ ಕೈಯಿಂದ ಫ್ಯಾನ್ ಓಡಿಸಿಕೊಂಡು ಬರಲು ಅದು ಬೇಕಾಗುತ್ತದೆ.